ಸಬ್ಸಿಡಿ ಕೊಡಿಸ್ತೀನಿ ಅಂದವರನ್ನು ನಂಬಿ ನಾನು ಕಳೆದುಕೊಂಡ 66,500 ರೂಪಾಯಿ

ಬ್ಯಾಂಕ್ ಮ್ಯಾನೇಜರ್ ನಮ್ಮ ಫೈಲಿನ ಹದಿನಾಲ್ಕನೇ ಪುಟ ತಿರುವಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು: "ನೀವು ಕೊಬ್ಬರಿ ಎಣ್ಣೆ ತೆಗೀತೀರೋ, ಊದುಬತ್ತಿ ಹೊಸೀತೀರೋ?"

ನನಗೆ ಅರ್ಥವಾಗಲಿಲ್ಲ. ಫೈಲನ್ನು ನನ್ನ ಕಡೆ ತಿರುಗಿಸಿದರು. ಕಚ್ಚಾ ವಸ್ತುಗಳ ಪಟ್ಟಿಯಲ್ಲಿ ಬಿದಿರು ಕಡ್ಡಿ, ಇದ್ದಿಲು ಪುಡಿ, ಜಿಗಟು, ಸುಗಂಧ ಅಂತ ಅಚ್ಚಾಗಿತ್ತು. ಮುಖಪುಟದಲ್ಲಿ ಮಾತ್ರ ನನ್ನ ಹೆಂಡತಿಯ ಹೆಸರು, ಕೆಳಗೆ 'ಗಾಣದ ಎಣ್ಣೆ ಘಟಕ'. ಯಾರೋ ಊದುಬತ್ತಿಯವರ ರಿಪೋರ್ಟಿಗೆ ನಮ್ಮ ಹೆಸರು ಅಂಟಿಸಿದ್ದರು. ಆ ರಿಪೋರ್ಟಿಗೆ ನಾನು 18,000 ರೂಪಾಯಿ ಕೊಟ್ಟಿದ್ದೆ.

ಮೊದಲಿಂದ ಹೇಳುತ್ತೇನೆ.

ನಮ್ಮದು ತಿಪಟೂರು ಕಡೆ ಹಳ್ಳಿ. ಎಪಿಎಂಸಿ ಹರಾಜಿನಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಎಷ್ಟಕ್ಕೆ ಹೋಯಿತು ಅನ್ನೋದೇ ಇಲ್ಲಿ ಮೊದಲ ಸುದ್ದಿ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಕಾಯಿಸಿ, ಕೊನೆಗೆ ಕೇಳಿದ ಬೆಲೆಗೆ ಕೊಟ್ಟು ಬರುವುದು ಸಾಕಾಗಿತ್ತು. ಕಾಯಿ ಒಡೆದು ಒಣಗಿಸಿ ನಾವೇ ಎಣ್ಣೆ ತೆಗೆದರೆ ಹೇಗೆ ಅಂತ ಹೆಂಡತಿ ಕೇಳಿದಳು. ಸರಿ ಅನ್ನಿಸಿತು. ದುಡ್ಡು ಬೇಕಿತ್ತು, ಅಷ್ಟೇ.

ಆಗ ಒಂದು ವಾಟ್ಸಾಪ್ ಸಂದೇಶ ಬಂತು. 'ಸಣ್ಣ ಉದ್ದಿಮೆಗೆ ಸರ್ಕಾರದಿಂದ 10 ಲಕ್ಷ, ಬ್ಯಾಂಕ್ ಸಾಲ ಬೇಡ, ಜಾಮೀನು ಬೇಡ, ವಾಪಸ್ ಕಟ್ಟುವ ಹಾಗಿಲ್ಲ.' ಕೆಳಗೊಂದು ನಂಬರ್. ಪಟ್ಟಣದಲ್ಲಿ ಮೊಬೈಲ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಅವರ ಆಫೀಸು. ಹೆಸರು ಹೇಳುವುದಿಲ್ಲ. ಈಗ ಅವರ ಬೋರ್ಡು ಬೇರೆ ಇದೆ, ಹೆಸರು ಹಿಡಿದು ಹುಡುಕಿದರೂ ಸಿಗಲ್ಲ. ಗೋಡೆ ತುಂಬಾ ಮಂತ್ರಿಗಳ ಜೊತೆ ನಿಂತ ಫೋಟೋ. ಬೋರ್ಡಿನ ಮೇಲೆ ದೂರದಿಂದ ನೋಡಿದರೆ ನಾಲ್ಕು ಸಿಂಹದ ಲಾಂಛನದಂತೆ ಕಾಣುವ ಏನೋ ಒಂದು. ಹತ್ತಿರ ಹೋದರೆ ಅದು ಯಾವುದೋ ಕಂಬ, ಅದರ ಮೇಲೊಂದು ಹೂವು. ನಾನು ಹತ್ತಿರ ಹೋಗಿ ನೋಡಿದ್ದು ದುಡ್ಡು ಕೊಟ್ಟ ಮೇಲೆ.

ಅಲ್ಲಿದ್ದವನು ಮಾತಿನಲ್ಲಿ ಚೆನ್ನಾಗಿದ್ದ. ಕಾಫಿ ತರಿಸಿದ. ನಮ್ಮ ತೋಟ ಎಷ್ಟು ಎಕರೆ, ಮನೆ ಯಾರ ಹೆಸರಲ್ಲಿದೆ ಅಂತೆಲ್ಲ ವಿಚಾರಿಸಿದ. ಮೊದಲ ದಿನ ಕೇಳಿದ್ದು 5,000, ಫೈಲ್ ಓಪನ್ ಮಾಡೋಕೆ. ಒಂದು ವಾರ ಬಿಟ್ಟು ಉದ್ಯಮ್ ಸರ್ಟಿಫಿಕೇಟಿಗೆ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಾಯಿಸಿದ್ದಕ್ಕೆ ಸಿಗುವ ಪತ್ರಕ್ಕೆ, 3,500. ಆಮೇಲೆ ಪ್ರಾಜೆಕ್ಟ್ ರಿಪೋರ್ಟಿಗೆ 18,000. ಕೊನೆಗೆ 'ಮೇಲಿನವರಿಗೆ' ಅಂತ 20,000. ಅದನ್ನು ನಗದಾಗಿಯೇ ಕೊಡಬೇಕು, ಫೋನ್‌ಪೇ ಬೇಡ ಅಂದ. ಯಾಕೆ ಬೇಡ ಅಂತ ಆಗಲೇ ಕೇಳಬೇಕಿತ್ತು ಅಲ್ವಾ? ಕೇಳಲಿಲ್ಲ. ಸ್ವಲ್ಪ ನನ್ನ ಆಸೆಯೂ ಸೇರಿತ್ತು. ಮೇಲಿನವರಿಗೆ ಕೊಟ್ಟರೆ ಬೇಗ ಆಗುತ್ತೆ ಅನ್ನುವ ಲೆಕ್ಕ ನಮ್ಮ ತಲೆಯಲ್ಲೇ ಕೂತಿರುತ್ತದೆ. ಅವನು ಅದನ್ನು ಬಲ್ಲವನು.

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ನಡೆಯುತ್ತಿದೆ. ಪೂರ್ತಿ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ, ಸರ್ಟಿಫಿಕೇಟ್ ಆನ್‌ಲೈನಲ್ಲೇ ಬರುತ್ತದೆ. ರಿನ್ಯೂವಲ್ ಅನ್ನೋದೂ ಇಲ್ಲ. ಗೂಗಲಲ್ಲಿ ಹುಡುಕಿದರೆ ಅದೇ ಬಣ್ಣ, ಅದೇ ತರಹದ ಫಾರ್ಮ್ ಇಟ್ಟುಕೊಂಡ ಖಾಸಗಿ ಸೈಟುಗಳು ಬರುತ್ತವೆ, ಕೊನೆಯಲ್ಲಿ ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಆ 3,500 ಹೋಗಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಬೇಜಾರಾದದ್ದು ಅದರಲ್ಲಿ ಅವನು ತುಂಬಿದ್ದ ವಿವರ ನೋಡಿ. ಮೊಬೈಲ್ ನಂಬರ್, ಇಮೇಲ್ ಎರಡೂ ಅವನದೇ. ಆಧಾರ್ ಓಟಿಪಿ ಮಾತ್ರ ನಮ್ಮ ಫೋನಿಗೆ ಬಂದಿತ್ತು, ಕೇಳಿದ ತಕ್ಷಣ ಹೇಳಿದ್ದೆವು. ಆಮೇಲೆ ತಿದ್ದಬೇಕೆಂದರೆ ಓಟಿಪಿ ಹೋಗುವುದು ಅವನ ಫೋನಿಗೆ. ಇನ್ನೊಂದು ಎಡವಟ್ಟು, ಉದ್ದಿಮೆ ಶುರುವಾದ ದಿನಾಂಕದ ಕಡೆ 2020 ಅಂತ ಹಾಕಿದ್ದ. "ಹಳೇ ಯುನಿಟ್ ಅಂದ್ರೆ ಬ್ಯಾಂಕಿನವರಿಗೆ ನಂಬಿಕೆ ಬರುತ್ತೆ ಸಾರ್" ಅಂದಿದ್ದ. ಅವನು ನಮ್ಮಿಂದ ಅರ್ಜಿ ಹಾಕಿಸಿದ್ದು ಪಿಎಂಇಜಿಪಿಗೆ, ಅಂದರೆ ಸ್ವಂತ ಉದ್ದಿಮೆಗೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆಗೆ. ಆ ಯೋಜನೆ ಇರುವುದೇ ಹೊಸ ಘಟಕಗಳಿಗೆ. ಹಳೆಯ ಘಟಕ ಅಂತ ನಮ್ಮ ಕೈಯಾರೆ ಬರೆದುಕೊಟ್ಟ ಹಾಗಾಯಿತು.

ಸಾಲದು ಅಂತ ನನ್ನ ಹೆಸರಲ್ಲಿ ಒಂದು, ಹೆಂಡತಿ ಹೆಸರಲ್ಲಿ ಒಂದು, ಹೀಗೆ ಎರಡು ಅರ್ಜಿ ಹಾಕಿದ್ದ. ಡಬಲ್ ಬರುತ್ತೆ ಅಂದ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಗಂಡ ಹೆಂಡತಿ ಅಂದರೆ ಒಂದೇ ಕುಟುಂಬ ಅನ್ನೋದು ನಿಯಮದಲ್ಲೇ ಇದೆ. ಮ್ಯಾನೇಜರ್ ಅದನ್ನೂ ತೋರಿಸಿದರು.

ಅವರು ಬೈಯಬಹುದಿತ್ತು, ಬೈಯಲಿಲ್ಲ. ಕಾಲು ಗಂಟೆ ಕೂರಿಸಿ, ಚಲನ್ ಹಿಂಭಾಗದಲ್ಲಿ ಲೆಕ್ಕ ಬರೆದು ತೋರಿಸಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಹೆಂಡತಿ ಹೆಸರಲ್ಲಿ, ಪಂಚಾಯಿತಿ ವ್ಯಾಪ್ತಿಯಲ್ಲಿ, 10 ಲಕ್ಷದ ಘಟಕ ಅಂತ ಇಟ್ಟುಕೊಳ್ಳಿ. ನಮ್ಮ ಕೈಯಿಂದ 5 ಪರ್ಸೆಂಟ್, ಅಂದರೆ 50,000 ಹಾಕಬೇಕು. ಉಳಿದ ಒಂಬತ್ತೂವರೆ ಲಕ್ಷ ಬ್ಯಾಂಕ್ ಸಾಲ. ಸಬ್ಸಿಡಿ 35 ಪರ್ಸೆಂಟ್, ಮೂರೂವರೆ ಲಕ್ಷ. ಅದು ನಮ್ಮ ಕೈಗೆ ಬರುವುದೇ ಇಲ್ಲ! ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕಲ್ಲ, ಠೇವಣಿಗೆ ಬಡ್ಡಿ ಕೊಡಲ್ಲ. ಮೂರು ವರ್ಷ ಘಟಕ ನಡೆಸಿದ್ದೀರಾ ಅಂತ ಬಂದು ನೋಡಿ, ಆಮೇಲೆ ಸಾಲಕ್ಕೆ ಜಮಾ ಮಾಡುತ್ತಾರೆ. ಸಾಮಾನ್ಯ ವರ್ಗದ ಗಂಡಸರಿಗೆ ಹಳ್ಳಿಯಲ್ಲಿ 25, ಪಟ್ಟಣದಲ್ಲಿ 15 ಪರ್ಸೆಂಟ್. ಅವರು ಕೈಯಿಂದ ಹಾಕಬೇಕಾದ್ದು 10.

"ಈಗ ಹೇಳಿ, ಸಾಲ ಕೊಡಬೇಕಾದವನು ನಾನು. ಇದರಲ್ಲಿ ಅವನ ಪಾತ್ರ ಎಲ್ಲಿದೆ?" ಅಂದರು.

ನಾನು ಸುಮ್ನೆ ಕೂತೆ. ಒಂದೂವರೆ ವರ್ಷದಿಂದ ಸಬ್ಸಿಡಿ ಅಂದರೆ ಅಕೌಂಟಿಗೆ ಬಂದು ಬೀಳುವ ದುಡ್ಡು ಅಂದುಕೊಂಡಿದ್ದೆ. ಇದೊಂದು ಗೊತ್ತಿದ್ದರೆ ಮೊದಲ ದಿನ ಕಾಫಿ ಕುಡಿದು ಎದ್ದು ಬರುತ್ತಿದ್ದೆ. ನಾನು ನೋಡಿದ ಮಟ್ಟಿಗೆ, ಸಣ್ಣ ಉದ್ದಿಮೆಯವರಿಗೆ ಸಿಗುವ ದೊಡ್ಡ ಸಬ್ಸಿಡಿಗಳೆಲ್ಲ ಸಾಲದ ಬೆನ್ನಿಗೇ ಬರುತ್ತವೆ. ಮುದ್ರಾದಲ್ಲಂತೂ ಸಬ್ಸಿಡಿಯೇ ಇಲ್ಲ, ಅದು ಜಾಮೀನಿಲ್ಲದ ಸಾಲ, ಕೊಡುವುದು ಬ್ಯಾಂಕು. 'ಮುದ್ರಾ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಳಿಸಿ' ಅಂತ ಸೀಲು ಸಹಿ ಸಮೇತ ಪತ್ರ ಬಂದರೆ ಅದು ಸುಳ್ಳು ಪತ್ರ. ನಮ್ಮ ನಾದಿನಿಗೆ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ಉಚಿತ ಅಂತ ಸಂದೇಶ ಬಂದಿತ್ತು. ಅದೂ ಸಾಲವೇ, ಒಂದು ಭಾಗಕ್ಕೆ ಮಾತ್ರ ಸಬ್ಸಿಡಿ.

ಮಷಿನ್ ವಿಷಯ ಹೇಳಲೇಬೇಕು, ಯಾಕೆಂದರೆ ಇಲ್ಲಿ ನನ್ನದೂ ತಪ್ಪಿದೆ. ಗಾಣದ ಮಷಿನ್, ಡ್ರೈಯರ್, ಫಿಲ್ಟರ್ ಎಲ್ಲ ಸೇರಿ 6,80,000ದ ಕೊಟೇಶನ್ ಕೊಡಿಸಿದ. ಹೊರಗೆ ವಿಚಾರಿಸಿದರೆ ಅದೇ ಸೆಟ್ 4,10,000. ಕೇಳಿದೆ. "ಬಿಲ್ ಜಾಸ್ತಿ ಇದ್ರೆ ಸಬ್ಸಿಡಿ ಜಾಸ್ತಿ ಅಲ್ವಾ ಸಾರ್, ಡಿಫರೆನ್ಸ್ ನಿಮಗೇ ವಾಪಸ್" ಅಂದ. ನನಗೆ ಅದು ಜಾಣತನ ಅನ್ನಿಸಿತು. ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಸಾಲ ಯಾರ ಹೆಸರಲ್ಲಿ ಇರುತ್ತೆ?" ನಾನು ಉತ್ತರ ಕೊಡಲಿಲ್ಲ. ಮಾರನೇ ದಿನ ಹೋಗಿ ಮಷಿನಿನವನಿಗೆ 50,000 ಅಡ್ವಾನ್ಸ್ ಕೊಟ್ಟು ಬಂದೆ. ಸಾಲ ಮಂಜೂರಾಗುವ ಮೊದಲೇ. ಎಲ್ಲ ಮುರಿದು ಬಿದ್ದ ಮೇಲೆ ಆರು ಸಲ ಅಲೆದು 30,000 ವಾಪಸ್ ತಂದೆ. ಆಫೀಸಿಗೆ ಕೊಟ್ಟ 46,500ರಲ್ಲಿ ಒಂದು ರೂಪಾಯಿ ಬರಲಿಲ್ಲ. ಅವನ ವಾದ ಏನು ಗೊತ್ತಾ? "ನಾನು ಸರ್ವಿಸ್ ಕೊಟ್ಟಿದ್ದೀನಿ, ರಿಜೆಕ್ಟ್ ಮಾಡಿದ್ದು ಬ್ಯಾಂಕು." ನನ್ನ ಹತ್ತಿರ ಇದ್ದದ್ದು ರಬ್ಬರ್ ಸ್ಟ್ಯಾಂಪ್ ಕೂಡ ಇಲ್ಲದ ಎರಡು ಚೀಟಿ. ಪೊಲೀಸ್ ಸ್ಟೇಷನ್ನಿಗೂ ಹೋದೆ, ನಗದು ಕೊಟ್ಟಿದ್ದಕ್ಕೆ ಪುರಾವೆ ತನ್ನಿ ಅಂದರು. ಫೋನಲ್ಲಿ ದುಡ್ಡು ಕಳಿಸಿ ಮೋಸ ಹೋದವರು ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಂತೆ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ನಾನು ಹೋದದ್ದು ತಿಂಗಳುಗಳಾದ ಮೇಲೆ.

ಮುಂದೆ ಏನಾಯಿತು ಅಂದರೆ, ಕೃಷಿ ಇಲಾಖೆಯ ಆಫೀಸಿನಲ್ಲಿ ಬೇರೆ ಕೆಲಸಕ್ಕೆ ಕಾಯುತ್ತಿದ್ದಾಗ ಗೋಡೆಯ ಮೇಲೆ ಪಿಎಂಎಫ್‌ಎಂಇ ಪೋಸ್ಟರ್ ಕಂಡಿತು. ಆಹಾರ ಸಂಸ್ಕರಣೆಯ ಕಿರು ಉದ್ದಿಮೆಗಳಿಗೆ 2020ರಲ್ಲಿ ಶುರುವಾದ ಯೋಜನೆ. ಹೊಸ ಘಟಕಕ್ಕೂ ಆಗುತ್ತದೆ, ಈಗಾಗಲೇ ನಡೆಯುತ್ತಿರುವುದಕ್ಕೂ ಆಗುತ್ತದೆ. ಎಣ್ಣೆ ತೆಗೆಯುವವನಿಗೆ ಮೊದಲು ಹೇಳಬೇಕಿದ್ದದ್ದು ಇದನ್ನು. ತುಮಕೂರು ಜಿಲ್ಲೆಗೆ 'ಒಂದು ಜಿಲ್ಲೆ ಒಂದು ಉತ್ಪನ್ನ' ಅಂತ ಗೊತ್ತು ಮಾಡಿರುವುದೇ ತೆಂಗು! ಕೇಂದ್ರದ 35 ಪರ್ಸೆಂಟಿಗೆ ನಮ್ಮ ರಾಜ್ಯ 15 ಸೇರಿಸಿ ಒಟ್ಟು 50 ಪರ್ಸೆಂಟ್, ಹೆಚ್ಚೆಂದರೆ 15 ಲಕ್ಷ. ಇದೂ ಸಾಲದ ಜೊತೆಗೇ, ಇಲ್ಲೂ ಮೂರು ವರ್ಷ ಕಾಯಬೇಕು. ಅಂಕಿಗಳು ನಾನು ಅರ್ಜಿ ಹಾಕಿದಾಗಿನವು. ನೀವು ಹಾಕುವ ದಿನ ಎಷ್ಟಿದೆ, ಯೋಜನೆ ನಡೆಯುತ್ತಿದೆಯೋ ಇಲ್ಲವೋ ಅಂತ ಆಫೀಸಿನಲ್ಲೇ ಕೇಳಿ.

ನನಗೆ ಹೊಟ್ಟೆ ಉರಿದದ್ದು ಮುಂದಿನ ವಿಷಯಕ್ಕೆ. ಈ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು, ಅರ್ಜಿ ತುಂಬುವುದು, ಬ್ಯಾಂಕಿಗೆ ಜೊತೆಯಲ್ಲಿ ಬರುವುದು ಅವರ ಕೆಲಸ. ಸಾಲ ಮಂಜೂರಾದರೆ ಸರ್ಕಾರವೇ ಅವರಿಗೆ 20,000 ಕೊಡುತ್ತದೆ. ಅರ್ಧ ಮಂಜೂರಾದಾಗ, ಇನ್ನರ್ಧ ಉದ್ಯಮ್, ಫುಡ್ ಲೈಸೆನ್ಸ್ ಇವೆಲ್ಲ ಆದ ಮೇಲೆ. ಅಂದರೆ ನಾನು ದುಡ್ಡು ಕೊಟ್ಟು ಮಾಡಿಸಿಕೊಂಡ ಕೆಲಸವನ್ನೇ ಮಾಡಲು ಸರ್ಕಾರ ಒಬ್ಬರನ್ನು ದುಡ್ಡು ಕೊಟ್ಟು ಇಟ್ಟಿತ್ತು. ನಮ್ಮನೆಗೆ ಬಂದ ಹುಡುಗ ಜಗಲಿ ಮೇಲೆ ಕೂತು, ದಿನಕ್ಕೆ ಎಷ್ಟು ಕಾಯಿ, ಎಷ್ಟು ಎಣ್ಣೆ, ಹಿಂಡಿ ಎಲ್ಲಿ ಮಾರ್ತೀರಿ, ತ್ರೀ ಫೇಸ್ ಎಷ್ಟು ಗಂಟೆ ಇರುತ್ತೆ ಅಂತ ಎರಡು ಗಂಟೆ ಕೇಳಿದ. ಹಿಂದಿನವನು ಒಂದು ದಿನವೂ ಹಿಂಡಿ ಬಗ್ಗೆ ಕೇಳಿರಲಿಲ್ಲ. ಹೋಗುವಾಗ ಕೈಯಲ್ಲಿ 500 ಇಡಲು ಹೋದೆ. ಬೇಡ ಅಂದ, ಒಂದು ಎಳನೀರು ಕುಡಿದು ಹೊರಟ.

ಸುಲಭವಾಗಿ ಆಯಿತು ಅಂತ ಹೇಳಲ್ಲ. ಹಿಂದಿನವನ ಫೋನಿಗೆ ಓಟಿಪಿ ಹೋಗುತ್ತಿದ್ದ ಉದ್ಯಮ್ ಸರಿಪಡಿಸಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನಾಲ್ಕು ಸಲ ಓಡಾಡಿದೆ. ಬ್ಯಾಂಕಿನವರು ಒಂದು ಸಲ ಸಿಬಿಲ್ (ಹಳೇ ಸಾಲ ತೀರಿಸಿದ ದಾಖಲೆ) ಅಂದರು, ಇನ್ನೊಂದು ಸಲ ಪಹಣಿ ಅಂದರು. ಏಳು ತಿಂಗಳು ಹಿಡಿಯಿತು. ಆದರೆ ಆ ಏಳು ತಿಂಗಳಲ್ಲಿ ಖರ್ಚಾದದ್ದು ಬಸ್ ಚಾರ್ಜು, ಜೆರಾಕ್ಸು, ಮತ್ತೆ ಆಹಾರ ನೋಂದಣಿಗೆ ವರ್ಷಕ್ಕೆ 100 ರೂಪಾಯಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟು. ಮೈಸ್ಕೀಮ್ ಅಂತ ಕೇಂದ್ರ ಸರ್ಕಾರದ ತಾಣವಿದೆ. ವಯಸ್ಸು, ಜಿಲ್ಲೆ, ವರ್ಗ, ಕೆಲಸ ಹಾಕಿದರೆ ಯಾವ ಯೋಜನೆ ನಿಮಗೆ ಹೊಂದುತ್ತದೆ ಅಂತ ತೋರಿಸುತ್ತದೆ. ಸಾಲದ ಜೊತೆ ಬರುವಂಥವಕ್ಕೆ ಜನಸಮರ್ಥ್ ಅನ್ನೋ ಸರ್ಕಾರಿ ತಾಣ ಇದೆ. ಪಿಎಂಇಜಿಪಿ ತಾಣದಲ್ಲಿ ಮಾದರಿ ಪ್ರಾಜೆಕ್ಟ್ ರಿಪೋರ್ಟುಗಳು ಪುಕ್ಕಟೆ ಸಿಗುತ್ತವೆ, ಊದುಬತ್ತಿಯದೂ ಇರಬೇಕು! ಅವನು ಅಲ್ಲಿಂದಲೇ ತೆಗೆದಿದ್ದನೋ ಏನೋ. ನೋಡಿಕೊಂಡು, ಪ್ರಿಂಟ್ ತೆಗೆದುಕೊಂಡು, ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ. ಸಾಲ ಕೊಡ್ತೀರಾ ಅಂತ ಬಾಯಿಬಿಟ್ಟು ಕೇಳಿ. ಅವರು ಆಗಲ್ಲ ಅಂದ ಮೇಲೆ ಹೊರಗಿನವರು ಯಾರು ಆಗುತ್ತೆ ಅಂದರೂ ನಂಬಬೇಡಿ. ಅರ್ಜಿಯಲ್ಲಿ ನಿಮ್ಮದೇ ನಂಬರ್ ಇರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಸೈಬರ್ ಸೆಂಟರಿನ ಹುಡುಗನಿಗೆ ಟೈಪ್ ಮಾಡಿದ್ದಕ್ಕೆ ನೂರಿನ್ನೂರು ಕೊಡಿ, ತಪ್ಪಿಲ್ಲ. ಮಂಜೂರಾದ ಮೊತ್ತದಲ್ಲಿ ಪರ್ಸೆಂಟ್ ಕೇಳುವವರಿಗೆ ಮಾತ್ರ ಬೇಡ.

ಈಗ ಇದನ್ನು ಬರೆಯಲು ಕಾರಣ ಹೋದ ವಾರ ಬಂದ ಒಂದು ಫೋನು. ಗುಬ್ಬಿ ಕಡೆಯವರು. "ಸಾರ್, ನಿಮ್ಮ ಗಾಣಕ್ಕೆ ಸಬ್ಸಿಡಿ ಎಷ್ಟು ದಿನಕ್ಕೆ ಬಂತು?" ಅಂತ ಕೇಳಿದರು. ನಿಮಗೆ ಯಾರು ಹೇಳಿದರು ಅಂದೆ. ಒಂದು ಫೋಟೋ ಕಳಿಸಿದರು. ನಮ್ಮ ಗಾಣ, ಬಾಗಿಲಲ್ಲಿ ಮಾವಿನ ತೋರಣ, ಪೂಜೆ ದಿನ ನಾನೇ ಸ್ಟೇಟಸ್ ಹಾಕಿದ್ದ ಫೋಟೋ. ಮೇಲೆ ದೊಡ್ಡ ಅಕ್ಷರದಲ್ಲಿ 'ನಮ್ಮ ಯಶಸ್ವಿ ಗ್ರಾಹಕರು', ಕೆಳಗೆ ಅದೇ ನಂಬರ್.

ಎಷ್ಟು ಕೊಟ್ಟಿದ್ದೀರಿ ಅಂದೆ.

"5,000 ಸಾರ್. ಫೈಲ್ ಓಪನಿಂಗಿಗೆ."