ಕೋಟೆಯ ಹೊಂಡ, ಕರೆಂಟ್ ಬಿಲ್ಲು ಮತ್ತು ಇಂಗ್ಲಿಷ್: ಚಿತ್ರದುರ್ಗದ ಒಂದು ವಾರಾಂತ್ಯ ತರಗತಿಯ ವಿಮರ್ಶೆ

ಚಿತ್ರದುರ್ಗದಲ್ಲಿ ಇಂಗ್ಲಿಷ್ ಟ್ಯೂಷನ್‌ಗಳಿಗೆ ಕೊರತೆಯಿಲ್ಲ. ಆದರೆ ಪರಿಸರ ಸಂರಕ್ಷಣೆಯನ್ನೇ ಪಾಠದ ವಸ್ತುವಾಗಿಟ್ಟುಕೊಂಡು, ಟ್ಯಾಬ್ ಹಾಗೂ ಆ್ಯಪ್‌ಗಳ ನೆರವಿನಿಂದ ಮಾತನಾಡಲು ಕಲಿಸುವ ತರಗತಿಯನ್ನು ನಾನು ನೋಡಿದ್ದು ಇದೇ ಮೊದಲು. ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಓದುವ ಮಗಳನ್ನು ಸೇರಿಸಿದ್ದೆ. ಪೋಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಲು ಅಡ್ಡಿಯಿರಲಿಲ್ಲವಾದ್ದರಿಂದ, ಇಲ್ಲಿ ಬರೆದಿರುವುದೆಲ್ಲ ಕಣ್ಣಾರೆ ಕಂಡದ್ದೇ.

ಅಲ್ಲಿನ ಅತ್ಯುತ್ತಮ ಪಾಠಗಳು ಊರಿನ ನೀರಿನಿಂದಲೇ ಹುಟ್ಟಿದವು. ಕೋಟೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆ ಹೊಂಡಕ್ಕೆ ಇಳಿಯುವ ವ್ಯವಸ್ಥೆಯನ್ನು ಮಕ್ಕಳು ಟ್ಯಾಬ್‌ನ ನಕ್ಷೆಯಲ್ಲಿ ಗುರುತಿಸಿ, 'ಫಸ್ಟ್', 'ದೆನ್', 'ಆಫ್ಟರ್ ದಟ್' ಎಂದು ಪೋಣಿಸುತ್ತ ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿದರು. ಮಾರಿಕಣಿವೆಯ ಅಣೆಕಟ್ಟು ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಒಂದು ಸಂಗತಿಯನ್ನು ಹಿಡಿದು ಶಿಕ್ಷಕಿ 'ಸಿನ್ಸ್' ಎಲ್ಲಿ, 'ಫಾರ್' ಎಲ್ಲಿ ಎಂಬುದನ್ನು ಬಿಡಿಸಿದ ರೀತಿಯಂತೂ ಮೆಚ್ಚತಕ್ಕದ್ದು. ಬಾಗಿನದ ದಿನ ಅಜ್ಜನ ಜೊತೆ ಮಾರಿಕಣಿವೆಗೆ ಹೋಗಿದ್ದ ಹುಡುಗನೊಬ್ಬ, ವ್ಯಾಕರಣದ ಗೊಡವೆಯೇ ಇಲ್ಲದೆ, ನಾಲ್ಕೈದು ವಾಕ್ಯಗಳನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಹೇಳುವುದಕ್ಕೆ ಏನಾದರೂ ಇದ್ದಾಗಲೇ ಮಗುವಿಗೆ ಬಾಯಿ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ.

ದುರದೃಷ್ಟವಶಾತ್, ಅವರು ಕೊಂಡಿರುವ ಆ್ಯಪ್‌ಗೆ ಅದು ಗೊತ್ತಿಲ್ಲ. ಅದರ ಪಾಠಗಳ ತುಂಬ ಹಿಮಕರಡಿಗಳೇ. ನಮ್ಮಿಂದ ಗಾಳಿಗೆ ಸೇರುವ ಇಂಗಾಲದ ಲೆಕ್ಕ ಹಾಕುವ ಭಾಗವಂತೂ ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ, ಮನೆಯಲ್ಲಿ ಎಷ್ಟು ಕಾರುಗಳಿವೆ ಎಂದು ಕೇಳುತ್ತದೆ. ಎಲ್ಲಕ್ಕೂ ಸೊನ್ನೆ ಒತ್ತಿದ ಮಗಳಿಗೆ ಹಸಿರು ನಕ್ಷತ್ರವೊಂದನ್ನು ಕೊಟ್ಟು ಮುಂದಿನ ಪುಟಕ್ಕೆ ಕಳಿಸಿತು. ಕಲಿತದ್ದೇನು? ಏನೂ ಇಲ್ಲ.

ಇದನ್ನು ಗಮನಿಸಿದ ಶಿಕ್ಷಕಿ ಮರುವಾರ ಎಲ್ಲರಿಗೂ ಮನೆಯ ಬೆಸ್ಕಾಂ ಬಿಲ್ಲು ತರಲು ಹೇಳಿದರು. ಗೃಹಜ್ಯೋತಿಯ ದೆಸೆಯಿಂದ ಹೆಚ್ಚಿನ ಬಿಲ್ಲುಗಳಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆಯೇ; ಹಾಗಾಗಿ ರೂಪಾಯಿ ಬಿಟ್ಟು ಯೂನಿಟ್ ನೋಡಬೇಕಾಯಿತು. ಸಾವಿರ ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್, ಅಷ್ಟರಲ್ಲೇ ಹತ್ತು ವ್ಯಾಟ್‌ನ ಎಲ್‌ಇಡಿ ಬಲ್ಬು ನೂರು ಗಂಟೆ ಬೆಳಗುತ್ತದೆ ಎಂಬ ಲೆಕ್ಕ ತಿಳಿದ ಮೇಲೆ 'ಮೋರ್ ದ್ಯಾನ್', 'ಲೆಸ್ ದ್ಯಾನ್' ವಾಕ್ಯಗಳಿಗೆ ಬರವಿರಲಿಲ್ಲ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ದಿನವೂ ನೋಡುವ ಮಕ್ಕಳಿಗೆ ಪವನ ವಿದ್ಯುತ್ತಿನ ಪಾಠವೇ ಇಲ್ಲದಿರುವುದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ.

ತಾಂತ್ರಿಕ ಏರ್ಪಾಡು ಸಾಧಾರಣ. ಮೂವರಿಗೆ ಒಂದು ಟ್ಯಾಬ್. ನೆಟ್ ಕೈಕೊಟ್ಟರೆ ಉಚ್ಚಾರಣೆಯ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ಸಮಾರೋಪದ ದಿನ ವೇದಿಕೆಯ ಹಿಂದೆ ಫ್ಲೆಕ್ಸ್ ಬ್ಯಾನರ್, ಮುಂದೆ ಸಾಲಾಗಿ ಪ್ಲಾಸ್ಟಿಕ್ ನೀರಿನ ಬಾಟಲಿಗಳು. ಮಕ್ಕಳೇ ಅದನ್ನು ತೋರಿಸಿ ಮುಸಿಮುಸಿ ನಕ್ಕರು.

ಶುಲ್ಕ ಊರಿನ ಉಳಿದ ಟ್ಯೂಷನ್‌ಗಳಿಗಿಂತ ತುಸು ಹೆಚ್ಚು. ವ್ಯಾಕರಣದ ಅಂಕಗಳನ್ನಷ್ಟೇ ಬಯಸುವವರಿಗೆ ಇದು ಹೊಂದುವುದಿಲ್ಲ. ಹಿಂಜರಿಕೆ ಬಿಟ್ಟು ಮಾತನಾಡಬೇಕಾದ ಪ್ರೌಢಶಾಲೆಯ ಮಕ್ಕಳಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸೇರಿಸುವ ಮುನ್ನ ನಿಮ್ಮ ಮಗುವಿನ ತಂಡಕ್ಕೆ ಇದೇ ಶಿಕ್ಷಕಿ ಬರುತ್ತಾರೆಯೇ ಎಂದು ಕೇಳಿಕೊಳ್ಳಿ. ಆ್ಯಪ್‌ನ ಭರವಸೆಯ ಮೇಲಷ್ಟೇ ಹಣ ಕಟ್ಟಬೇಡಿ.