ರೈನೋ 8: ಇಂಡಸ್ಟ್ರಿಯಲ್ ಡಿಸೈನ್ ವಿದ್ಯಾರ್ಥಿಗೆ ಎಷ್ಟು ಒದಗೀತು?

ಇಂಡಸ್ಟ್ರಿಯಲ್ ಡಿಸೈನ್, ಅಂದರೆ ಕಾರ್ಖಾನೆಯಲ್ಲಿ ತಯಾರಾಗುವ ವಸ್ತುಗಳ ವಿನ್ಯಾಸ, ಓದಲು ಹೊರಟವರು ಮೊದಲ ವರ್ಷದಲ್ಲೇ ಕೇಳುವ ಪ್ರಶ್ನೆ, ಯಾವ ತ್ರೀಡಿ ಸಾಫ್ಟ್‌ವೇರ್ ಕಲಿತರೆ ಕೆಲಸಕ್ಕೆ ಬರುತ್ತದೆ ಎಂಬುದು. ರಾಬರ್ಟ್ ಮೆಕ್‌ನೀಲ್ ಆ್ಯಂಡ್ ಅಸೋಸಿಯೇಟ್ಸ್ ಸಂಸ್ಥೆಯ ರೈನೋ 8 ಎಂಬ ತ್ರೀಡಿ ಮಾದರಿ ಕಟ್ಟುವ ಸಾಫ್ಟ್‌ವೇರನ್ನು ನಾನಿಲ್ಲಿ ಅಳೆದಿರುವುದು ಈ ಪ್ರಶ್ನೆಯ ದೃಷ್ಟಿಯಿಂದ ಮಾತ್ರ.

ರೈನೋದ ಜೀವಾಳವಿರುವುದು ಸರ್ಫೇಸ್‌ಗಳಲ್ಲಿ, ಅಂದರೆ ವಸ್ತುವಿನ ಹೊರಮೈಯನ್ನು ರೂಪಿಸುವ ದಪ್ಪವಿಲ್ಲದ ಮೇಲ್ಮೈಗಳಲ್ಲಿ. ರೆನೋ ಕಂಪನಿಯ ಪಿಯೆರ್ ಬೆಜಿಯೆ ಮತ್ತು ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೋ ಕಾರಿನ ಮೈಯ ಬಾಗುಗಳನ್ನು ಗಣಿತದಲ್ಲಿ ಹಿಡಿದಿಡಲು ರೂಪಿಸಿದ ವಿಧಾನಗಳ ಮುಂದುವರಿಕೆಯಾದ ನರ್ಬ್ಸ್ ಎಂಬ, ನಯವಾದ ಬಾಗುಗಳನ್ನು ಕೆಲವು ನಿಯಂತ್ರಣ ಬಿಂದುಗಳಿಂದ ವಿವರಿಸುವ ಗಣಿತವೇ ಇದರ ಬುನಾದಿ. ಕಡಿಮೆ ನಿಯಂತ್ರಣ ಬಿಂದುಗಳಲ್ಲಿ ಒಂದು ವಕ್ರರೇಖೆಯನ್ನು ಎಳೆದು, ಅದರಿಂದ ಸರ್ಫೇಸ್ ಹುಟ್ಟಿಸಿ, ಪಕ್ಕದ ಸರ್ಫೇಸ್‌ಗೆ ಬೆಸೆಯುವ ಅಭ್ಯಾಸ ವಿದ್ಯಾರ್ಥಿಯ ಕಣ್ಣನ್ನು ತಿದ್ದುತ್ತದೆ. ಸರ್ಫೇಸ್‌ನ ಮೇಲೆ ಪಟ್ಟೆಗಳ ಪ್ರತಿಬಿಂಬ ಮೂಡಿಸಿ ಅದರ ನಯವನ್ನು ತೋರಿಸುವ ಝೀಬ್ರಾ ಪರೀಕ್ಷೆಯನ್ನೇ ನೋಡಿ: ಎರಡು ಸರ್ಫೇಸ್‌ಗಳು ಬರಿದೇ ತಾಗಿದ್ದರೆ ಪಟ್ಟೆಗಳು ಕೂಡುಗೆರೆಯಲ್ಲಿ ತಪ್ಪಿಹೋಗುತ್ತವೆ, ಸ್ಪರ್ಶಕ (ಕೂಡುಗೆರೆಯಲ್ಲಿ ಮೇಲ್ಮೈ ಸಾಗುವ ದಿಕ್ಕು) ಮಾತ್ರ ಹೊಂದಿಕೆಯಾಗಿದ್ದರೆ ಪಟ್ಟೆಗಳು ಕೂಡುತ್ತವೆಯಾದರೂ ಅಲ್ಲಿ ಮುರಿದಂತೆ ತಿರುಗುತ್ತವೆ, ವಕ್ರತೆಯೂ (ಬಾಗಿನ ಪ್ರಮಾಣವೂ) ಹೊಂದಿಕೆಯಾದಾಗ ತಡೆಯಿಲ್ಲದೆ ಹರಿಯುತ್ತವೆ. ಹೊಳಪುಳ್ಳ ವಸ್ತುವೊಂದು ಏಕೆ ಸೊಗಸಾಗಿ, ಇನ್ನೊಂದು ಏಕೆ ಅಗ್ಗವಾಗಿ ಕಾಣುತ್ತದೆಂಬುದಕ್ಕೆ ಇಷ್ಟು ನೇರವಾದ ಪಾಠ ಬೇರೆ ಕಡೆ ಸಿಗುವುದು ಕಷ್ಟ. ನನ್ನ ಲೆಕ್ಕದಲ್ಲಿ ರೈನೋ ಕಲಿಯಲು ಈ ಒಂದು ಕಾರಣವೇ ಸಾಕು.

6ನೇ ಆವೃತ್ತಿಯಿಂದ ಒಳಗೇ ಸೇರಿರುವ ನಿಯಮಗಳನ್ನು ಜೋಡಿಸಿ ರೂಪವನ್ನು ತಾನಾಗಿ ಹುಟ್ಟಿಸುವ ಸಾಧನವಾದ ಗ್ರಾಸ್‌ಹಾಪರ್, ಸ್ಪೀಕರ್ ಜಾಲರಿಯ ರಂಧ್ರಗಳಂತಹ ಪುನರಾವರ್ತಿತ ವಿನ್ಯಾಸಗಳಿಗೆ ಒಳ್ಳೆಯದು. 7ರಲ್ಲಿ ಬಂದ ಸಬ್‌ಡಿ (ಸಬ್‌ಡಿವಿಷನ್) ಎಂಬ ಮಾದರಿ ಕಟ್ಟುವ ವಿಧಾನ, ಕೈಹಿಡಿಯಂತಹ ಮೆತ್ತನೆಯ ರೂಪಗಳನ್ನು ಜೇಡಿಮಣ್ಣಿನಂತೆ ಎಳೆದು ಒತ್ತಿ ನೋಡಲು ಅನುವು ಮಾಡಿಕೊಡುತ್ತದೆ. 8ರ ಶ್ರಿಂಕ್‌ರ‍್ಯಾಪ್ ಬಿರುಕುಗಳಿರುವ ಮಾದರಿಯ ಮೇಲೂ ಚಿಕ್ಕ ಚಿಕ್ಕ ಮುಖಗಳಿಂದಾದ ಮುಚ್ಚಿದ ಜಾಲವೊಂದನ್ನು ಹೊದಿಸಿ ತ್ರೀಡಿ ಮುದ್ರಣಕ್ಕೆ ಸಿದ್ಧಗೊಳಿಸುತ್ತದೆ. ಸಲ್ಲಿಕೆಯ ಹಿಂದಿನ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ತೊಡಕು ಶುರುವಾಗುವುದು ತಿದ್ದುಪಡಿಯ ಹೊತ್ತಿನಲ್ಲಿ. ಪ್ಲಾಸ್ಟಿಕ್ ಕವಚದ ಗೋಡೆ 2 ಮಿ.ಮೀ. ಬದಲು 2.5 ಇರಲಿ ಎಂದು ಎಂಜಿನಿಯರ್ ಹೇಳಿದರೆ, ಅಳತೆ ಬದಲಿಸಿದರೆ ಮಾದರಿಯೂ ಬದಲಾಗುವ ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್‌ಗಳಾದ ಸಾಲಿಡ್‌ವರ್ಕ್ಸ್ ಅಥವಾ ಫ್ಯೂಷನ್‌ನಲ್ಲಿ ಮಾದರಿಯನ್ನು ಕ್ರಮವಾಗಿ ಕಟ್ಟಿದವರು ಒಂದು ಅಂಕಿಯನ್ನು ಬದಲಿಸಿದರೆ ಬಹುಮಟ್ಟಿಗೆ ಮುಗಿಯಿತು. ರೈನೋದಲ್ಲಿ ಅಂತಹ ಹೆಜ್ಜೆಗಳ ಪೂರ್ಣ ದಾಖಲೆ ಉಳಿಯದ ಕಾರಣ, ಹಲವು ಭಾಗಗಳನ್ನು ಮತ್ತೆ ಕಟ್ಟಬೇಕಾಗುತ್ತದೆ. ಅಚ್ಚಿನಿಂದ ಭಾಗ ಸಲೀಸಾಗಿ ಹೊರಬರಲು ಬೇಕಾದ ಇಳಿಜಾರು ಎಲ್ಲಿ ಸಾಲದೆಂದು ರೈನೋ ಬಣ್ಣದಲ್ಲಿ ತೋರಿಸುತ್ತದೆ, ಆದರೆ ಸರಿಪಡಿಸುವ ಹೊರೆ ನಮ್ಮದೇ. ಬೇರೆ ಬೇರೆ ತ್ರಿಜ್ಯದ ಮೂರು ಅಂಚುಗಳು ಕೂಡುವ ಮೂಲೆಯಲ್ಲಿ ಫಿಲೆಟ್ (ಅಂಚನ್ನು ದುಂಡಗಾಗಿಸುವ ಕ್ರಿಯೆ) ಕೈಕೊಡುವುದು ಬಳಕೆದಾರರಲ್ಲಿ ಹಳೆಯ ದೂರು. ಅಲ್ಲಿ ಕೈಯಾರೆ ತೇಪೆ ಹಾಕುವುದನ್ನು ಕಲಿಯದೆ ವಿಧಿಯಿಲ್ಲ.

ಆದ್ದರಿಂದ ಆಭರಣ, ಪಾದರಕ್ಷೆ, ಪೀಠೋಪಕರಣ, ದೋಣಿ ವಿನ್ಯಾಸದತ್ತ ಒಲವಿರುವವರು ರೈನೋವನ್ನೇ ಮುಖ್ಯ ಸಾಧನವಾಗಿ ಆರಿಸಿಕೊಳ್ಳಬಹುದು. ಗೃಹೋಪಯೋಗಿ ಅಥವಾ ವೈದ್ಯಕೀಯ ಉಪಕರಣಗಳ ತಯಾರಿಕೆಯತ್ತ ಹೋಗುವವರು ಇದರ ಜೊತೆಗೆ ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್ ಒಂದನ್ನು ಕಲಿಯಲೇಬೇಕು, ಏಕೆಂದರೆ ಅಲ್ಲಿ ಡಿಸೈನರ್‌ನ ಕಡತ ಕೊನೆಗೆ ಎಂಜಿನಿಯರ್‌ನ ಕೈಸೇರುತ್ತದೆ. ಇನ್ನು ಪೋರ್ಟ್‌ಫೋಲಿಯೊದಲ್ಲಿ ರೈನೋ ರೆಂಡರ್‌ಗಳನ್ನೇ (ಮಾದರಿಯಿಂದ ತೆಗೆದ ಫೋಟೊದಂತಹ ಚಿತ್ರಗಳನ್ನೇ) ತುಂಬುವುದು ವ್ಯರ್ಥ. ಮೊದಲ ಸ್ಕೆಚ್‌ಗಳು, ಫೋಮ್ ಮಾದರಿಗಳು, ಬಳಸುವವರ ಕೈಯಲ್ಲಿಟ್ಟು ನೋಡಿದಾಗ ಬದಲಾದದ್ದೇನು ಎಂಬ ವಿವರ ಇಲ್ಲದಿದ್ದರೆ, ಆ ರೂಪ ಹಾಗೇಕೆ ಇದೆ ಎಂಬ ಪ್ರಶ್ನೆಗೆ ಸಂದರ್ಶನದಲ್ಲಿ ಉತ್ತರವಿರುವುದಿಲ್ಲ.

ಪರವಾನಗಿಯ ವಿಷಯದಲ್ಲಿ ಮಾತ್ರ ಸಂಸ್ಥೆ ನಿಜಕ್ಕೂ ಉದಾರವಾಗಿದೆ. ವರ್ಷವರ್ಷವೂ ಚಂದಾ ಕಟ್ಟುವ ಗೋಜಿಲ್ಲ. ವಿದ್ಯಾರ್ಥಿಯಾಗಿ ಕೊಂಡ ಪರವಾನಗಿಗೆ ಅವಧಿಯ ಮಿತಿಯಿಲ್ಲ, ಓದು ಮುಗಿದ ಮೇಲೆ ಗಳಿಕೆಯ ಕೆಲಸಕ್ಕೂ ಅದನ್ನೇ ಬಳಸಬಹುದು. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓಡುತ್ತದೆ. ಕೊಳ್ಳುವ ಮೊದಲು 90 ದಿನ ಪೂರ್ಣ ರೂಪದಲ್ಲಿ ಪರೀಕ್ಷಿಸಬಹುದು, ಆಮೇಲೆ ಕಡತ ಉಳಿಸುವ ಸೌಲಭ್ಯ ನಿಲ್ಲುತ್ತದೆ. ಹೀಗಾಗಿ ಕೈಯಲ್ಲೊಂದು ನಿಜವಾದ ಪ್ರಾಜೆಕ್ಟ್ ಇರುವಾಗಲೇ ಆ ಅವಧಿಯನ್ನು ಆರಂಭಿಸುವುದು ಲೇಸು.