ಹಾರ್ಬಿನ್‌ನ ಸೆಂಟ್ರಲ್ ಸ್ಟ್ರೀಟ್‌ನಲ್ಲಿ ಜಿನ್ಸೆಂಗ್ ಕೊಳ್ಳುವ ಮೊದಲು ಇದನ್ನು ಓದಿ

ಈ ಚಳಿಗಾಲದಲ್ಲಿ ಹಿಮದ ಶಿಲ್ಪಗಳನ್ನು ನೋಡಲು ಈಶಾನ್ಯ ಚೀನಾದ ಹಾರ್ಬಿನ್‌ಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಅಲ್ಲಿನ ಸೆಂಟ್ರಲ್ ಸ್ಟ್ರೀಟ್‌ನ ಪಕ್ಕದ ಗಲ್ಲಿಯ ಅಂಗಡಿಯೊಂದರಲ್ಲಿ ಜಿನ್ಸೆಂಗ್ ಎಂಬ ಔಷಧಿ ಬೇರು ಕೊಳ್ಳಲು ಹೋಗಿ ನಾನು ಅರ್ಧ ಗಂಟೆಯೊಳಗೆ 3,800 ಯುವಾನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 45 ಸಾವಿರ ರೂಪಾಯಿ ಕಳೆದುಕೊಂಡೆ. ಜೇಬುಗಳ್ಳರು ಕದ್ದದ್ದಲ್ಲ, ನಾನೇ ಮೊಬೈಲ್ ಮುಂದೆ ಚಾಚಿ ಕೊಟ್ಟ ಹಣ ಅದು. ಹೇಳಿಕೊಳ್ಳಲು ನಾಚಿಕೆಯಾಗಿ ಮೂರು ವಾರ ಸುಮ್ಮನಿದ್ದೆ. ಪರಿಚಯದ ಕನ್ನಡ ಕುಟುಂಬವೊಂದು ಮುಂದಿನ ತಿಂಗಳು ಅದೇ ಬೀದಿಗೆ ಹೊರಟಿದೆ ಎಂದು ಮೊನ್ನೆ ತಿಳಿದ ಮೇಲೆ ಸುಮ್ಮನಿರುವುದು ತಪ್ಪೆನಿಸಿತು.

ನಾನು ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಚೀನಾದ ಇನ್ನೊಂದು ನಗರವಾದ ದಾಲಿಯನ್‌ನಲ್ಲಿದ್ದೇನೆ. ತರಕಾರಿ ಕೊಳ್ಳುವಷ್ಟು, ಟ್ಯಾಕ್ಸಿಯವನಿಗೆ ದಾರಿ ಹೇಳುವಷ್ಟು ಚೀನೀ ಭಾಷೆ ಮಾತನಾಡುತ್ತೇನೆ. ಓದಲು ಅಂಕಿಗಳ ಹೊರತು ಹೆಚ್ಚೇನೂ ಬಾರದು. ಜನವರಿಯಲ್ಲಿ ಮೂರು ದಿನ ರಜೆ ಸಿಕ್ಕಾಗ ನಾನು ಮತ್ತು ನನ್ನ ಪತ್ನಿ ಹೈಸ್ಪೀಡ್ ರೈಲು ಹಿಡಿದು ಹಾರ್ಬಿನ್‌ಗೆ ಹೋದೆವು.

ಬೀದಿಯ ಮೇಲೆ ನನಗೆ ಕೋಪವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1898ರಲ್ಲಿ ರಷ್ಯನ್ನರು ಚೀನೀ ಪೂರ್ವ ರೈಲುಮಾರ್ಗದ ಕೆಲಸಕ್ಕೆ ಬಂದ ಕಾಲದಲ್ಲಿ ಹುಟ್ಟಿಕೊಂಡ ಬೀದಿ ಅದು. ಸುಮಾರು 1,450 ಮೀಟರ್ ಉದ್ದಕ್ಕೆ ಎರಡೂ ಬದಿಯಲ್ಲಿ ಯುರೋಪಿನ ಮಾದರಿಯ ಹಳೆಯ ಕಟ್ಟಡಗಳಿವೆ. 1924ರಲ್ಲಿ ಹಾಸಿದ ಗ್ರಾನೈಟ್ ಕಲ್ಲುಗಳ ಮೇಲೆಯೇ ಇಂದಿಗೂ ಜನ ನಡೆಯುತ್ತಾರೆ. ಪುಟ್ಟ ಬ್ರೆಡ್ಡಿನ ಆಕಾರದ ಆ ಒಂದೊಂದು ಕಲ್ಲಿಗೂ ಆಗ ಒಂದೊಂದು ಬೆಳ್ಳಿ ನಾಣ್ಯ ಬಿದ್ದಿತ್ತೆಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಬೀದಿಯ ಉತ್ತರದ ತುದಿಯಲ್ಲಿ ಸುಂಗಾರಿ ನದಿ ಹೆಪ್ಪುಗಟ್ಟಿ ಮಲಗಿರುತ್ತದೆ. 1957ರ ಪ್ರವಾಹದ ನೆನಪಿಗೆ ಮರುವರ್ಷ ಕಟ್ಟಿದ ಸ್ಮಾರಕ ಸ್ತಂಭವೂ ಅಲ್ಲಿಯೇ ಇದೆ. ಆ ಸ್ತಂಭದವರೆಗೆ ನಡೆದು ಹಿಂದಿರುಗುವುದು ನಮ್ಮ ಯೋಜನೆಯಾಗಿತ್ತು.

ಆದರೆ ಅಂದು ಮೈನಸ್ 24 ಡಿಗ್ರಿ ಚಳಿಯಿತ್ತು. ಅಂಥ ಚಳಿಯಲ್ಲಿ ನೂರಿನ್ನೂರು ಹೆಜ್ಜೆ ನಡೆದರೆ ಬೆರಳುಗಳು ಜೋಮು ಹಿಡಿಯುತ್ತವೆ, ಕಣ್ರೆಪ್ಪೆಯ ಮೇಲೆ ಉಸಿರು ಹೆಪ್ಪುಗಟ್ಟುತ್ತದೆ. ಎದುರಿಗೆ ಸಿಕ್ಕ ಅಂಗಡಿಯೊಳಗೆ ನುಗ್ಗಿ ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳದೆ ಮುಂದೆ ಹೋಗಲಾಗುವುದಿಲ್ಲ. ಇದು ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮುಖ್ಯ ಬೀದಿಯಿಂದ ಒಡೆಯುವ ಗಲ್ಲಿಯ ಬಾಯಿಯಲ್ಲಿ ಬಿಳಿ ಕೋಟು ತೊಟ್ಟ ಮಹಿಳೆಯೊಬ್ಬರು ಕಾಗದದ ಲೋಟಗಳಲ್ಲಿ ಬಿಸಿ ಚಹಾ ಹಿಡಿದು ನಿಂತಿದ್ದರು. ನನ್ನನ್ನು ‘ದಾಗೆ’, ಅಂದರೆ ದೊಡ್ಡಣ್ಣ ಎಂದು ಕರೆದರು. ನನ್ನ ಪತ್ನಿಯ ಕೈಗೆ ಲೋಟ ಕೊಟ್ಟು, ಒಳಗೆ ಬಂದು ಕುಳಿತು ಕುಡಿಯಿರಿ ಎಂದರು. ಆ ಬಿಳಿ ಕೋಟಿನಿಂದಾಗಿ ಅವರು ವೈದ್ಯರೋ ಔಷಧಿ ಬಲ್ಲವರೋ ಇರಬೇಕೆಂದು ನನ್ನ ಮನಸ್ಸು ತಾನಾಗಿಯೇ ನಂಬಿತು.

ಒಳಗೆ ಒಣ ಅಣಬೆ, ಪೈನ್ ಬೀಜ, ರಷ್ಯನ್ ಚಾಕೊಲೇಟು, ಮರದ ಗೊಂಬೆಗಳು. ಅದರ ಹಿಂದಿನ ಗಾಜಿನ ಪೆಟ್ಟಿಗೆಯಲ್ಲಿ ಜಿನ್ಸೆಂಗ್ ಬೇರು. ಈಶಾನ್ಯ ಚೀನಾದಲ್ಲಿ ಅದು ಎಲ್ಲೆಡೆ ಸಿಗುವ ಸರಕು. ಹೊಲದಲ್ಲಿ ಬೆಳೆದ ಬೇರು ಅಷ್ಟೇನೂ ದುಬಾರಿಯಲ್ಲ. ಕಾಡಿನಲ್ಲಿ ತಾನಾಗಿ ಬೆಳೆದ ಹಳೆಯ ಬೇರಿಗೆ ಮಾತ್ರ ಹತ್ತಾರು, ನೂರಾರು ಪಟ್ಟು ಬೆಲೆ. ಊರಿನಲ್ಲಿರುವ ನನ್ನ ಅಮ್ಮನಿಗೆ ಒಂದು ವರ್ಷದಿಂದ ಬಹಳ ಸುಸ್ತು. ಸ್ವಲ್ಪ ಕೊಂಡು ಕಳಿಸೋಣವೆಂದು ನನ್ನ ಪತ್ನಿ ಅಂದಳು, ನನಗೂ ಸರಿಯೆನಿಸಿತು.

ಬೆಲೆ ಚೀಟಿಯಲ್ಲಿ ದಪ್ಪ ಅಂಕಿಯಲ್ಲಿ 38 ಎಂದಿತ್ತು. ಚೀನಾದ ಪೇಟೆಯಲ್ಲಿ ತೂಕದ ಮಾತೆಲ್ಲ ಜಿನ್ ಮತ್ತು ಲಿಯಾಂಗ್ ಲೆಕ್ಕದಲ್ಲಿಯೇ ನಡೆಯುತ್ತದೆ; ಒಂದು ಜಿನ್ ಎಂದರೆ ಅರ್ಧ ಕಿಲೋ, ಒಂದು ಲಿಯಾಂಗ್ ಎಂದರೆ 50 ಗ್ರಾಂ. ನಾನು ಅಂಕಿಯ ಕಡೆ ಬೆರಳು ತೋರಿಸಿ “ಲಿಯಾಂಗ್?” ಎಂದು ಕೇಳಿದೆ. ಆಕೆ “ಹ್ಞೂಂ” ಎಂದು ತಲೆಯಾಡಿಸಿದರು. ಈ ತಲೆಯಾಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿತು. ಎರಡು ಲಿಯಾಂಗ್ ಕೊಡಿ ಎಂದೆ. ನನ್ನ ಲೆಕ್ಕದಲ್ಲಿ 76 ಯುವಾನ್.

ಆಕೆ ಬೇರುಗಳನ್ನು ತಕ್ಕಡಿಗೆ ಹಾಕಿದರು, ಮೊತ್ತ ಹೇಳಲಿಲ್ಲ. ವಯಸ್ಸಾದವರಿಗೆ ಪುಡಿಯಾದರೆ ಒಳ್ಳೆಯದು, ಪುಡಿ ಮಾಡುವುದಕ್ಕೆ ಹಣ ಬೇಡ ಎಂದು ಮೊಬೈಲಿನ ಅನುವಾದದಲ್ಲಿ ತೋರಿಸಿದರು. ನಾನು ಯೋಚಿಸುವ ಮೊದಲೇ ಪರದೆಯ ಹಿಂದೆ ಯಂತ್ರ ಕಿರುಗುಟ್ಟಿತು. ನಿಮಿಷವೂ ಆಗಲಿಲ್ಲ. ಪುಡಿಯ ಪುಟ್ಟ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ, ಕ್ಯಾಲ್ಕ್ಯುಲೇಟರ್ ನನ್ನ ಕಡೆ ತಿರುಗಿಸಿದರು. 3,952.

ನಾನು ಮೊದಲು ಆಕೆ ಚುಕ್ಕಿ ಹಾಕಲು ಮರೆತಿದ್ದಾರೆ ಎಂದುಕೊಂಡೆ. 39 ಯುವಾನ್ 52 ಪೈಸೆಯೂ ಆಗುವುದಿಲ್ಲವಲ್ಲ ಎಂದು ಇನ್ನೊಮ್ಮೆ ನೋಡಿದೆ. ಆಗ ಆಕೆ ಉಗುರಿನ ತುದಿಯಿಂದ ಬೆಲೆ ಚೀಟಿಯ ಮೂಲೆಯನ್ನು ತೋರಿಸಿದರು. 38ರ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ಒಂದೇ ಒಂದು ಅಕ್ಷರ. ಗ್ರಾಂ ಎಂದು ಅದರ ಅರ್ಥ. ಲಿಯಾಂಗ್‌ಗೆ 38 ಅಲ್ಲ, ಗ್ರಾಂಗೆ 38! ತೂಗಿದ್ದು 104 ಗ್ರಾಂ. ನಾನು ಕೇಳಿದ್ದು 100, ಆ ನಾಲ್ಕು ಗ್ರಾಂಗೂ ಬೆಲೆ ಹಾಕಿದ್ದರು. ಮೈನಸ್ 24ರಲ್ಲಿ ನಡುಗದ ಮೈ ಆ ಬಿಸಿ ಅಂಗಡಿಯೊಳಗೆ ನಡುಗಿತು.

ನನಗೆ ಇದು ಬೇಡ ಎಂದೆ. ಅಷ್ಟು ಹೊತ್ತು ದೊಡ್ಡಣ್ಣ ಎನ್ನುತ್ತಿದ್ದವರು ಆಮೇಲೆ ಒಮ್ಮೆಯೂ ಹಾಗೆ ಕರೆಯಲಿಲ್ಲ. ಅವರ ಉತ್ತರಗಳು ಒಂದರ ಹಿಂದೆ ಒಂದರಂತೆ ಬಂದವು. “ಬೆಲೆ ಬರೆದೇ ಇಟ್ಟಿದ್ದೇವೆ.” “ಪುಡಿಯಾದದ್ದನ್ನು ನಾನು ಇನ್ಯಾರಿಗೆ ಮಾರಲಿ?” ಲಿಯಾಂಗ್ ಎಂದು ಕೇಳಿದಾಗ ನೀವು ಒಪ್ಪಿದಿರಲ್ಲ ಎಂದರೆ, “ಎರಡು ಲಿಯಾಂಗ್ ಬೇಕು ಎಂದಿರಿ, ಎರಡು ಲಿಯಾಂಗ್ ಕೊಟ್ಟಿದ್ದೇನೆ” ಎಂದರು. ಇದು ಕಾಡಿನ ಬೇರು ಎಂದೂ ಆಗಲೇ ಮೊದಲ ಬಾರಿ ಹೇಳಿದರು. ಹೌದೋ ಅಲ್ಲವೋ ನೋಡಲು ಬೇರು ಎಲ್ಲಿದೆ? ಪುಡಿ ಮಾಡಿದ್ದು ಅಮ್ಮನ ಅನುಕೂಲಕ್ಕಲ್ಲ, ಬೇರು ಯಾವುದೆಂದು ಯಾರಿಗೂ ತಿಳಿಯದಿರಲಿ, ಹಿಂದಿರುಗಿಸಲೂ ಆಗದಿರಲಿ ಎಂದು. ಅದು ನನಗೆ ಅಲ್ಲಿ, ಆ ಪೊಟ್ಟಣಗಳ ಮುಂದೆ ನಿಂತಾಗ ಹೊಳೆಯಿತು.

ಒಳಗಿನಿಂದ ಬಂದ ಗಂಡಸೊಬ್ಬ ಬಾಗಿಲ ಬಳಿ ಸುಮ್ಮನೆ ನಿಂತುಕೊಂಡ. ಮುಟ್ಟಲಿಲ್ಲ, ಗದರಿಸಲಿಲ್ಲ, ನಿಂತ ಅಷ್ಟೇ. ಆಕೆ ಮತ್ತೆ ಮೊಬೈಲಿನಲ್ಲಿ ಮಾತನಾಡಿ ತೆರೆಯನ್ನು ನನ್ನ ಮುಖದ ಮುಂದೆ ಹಿಡಿದರು: “ನಿಮ್ಮ ತಾಯಿಯ ಆರೋಗ್ಯಕ್ಕಿಂತ ಹಣ ದೊಡ್ಡದೇ?” ಅಮ್ಮನ ವಿಷಯವನ್ನು ಚಹಾ ಕುಡಿಯುತ್ತಾ ನಾವೇ ಹೇಳಿದ್ದೆವು. ಆ ಮಾತು ನನ್ನ ಎದೆಗೆ ನಾಟಿತು. ಕೊನೆಗೆ ಉಪಕಾರ ಮಾಡುವವರಂತೆ 3,800ಕ್ಕೆ ಇಳಿಸಿದರು, ನಾನು ಅಲಿಪೇ ಎಂಬ ಮೊಬೈಲ್ ಪಾವತಿಯಲ್ಲಿ ಕೊಟ್ಟು ಪತ್ನಿಯ ಕೈ ಹಿಡಿದು ಹೊರಬಂದೆ. ಸ್ತಂಭದವರೆಗೆ ನಾವು ಹೋಗಲೇ ಇಲ್ಲ.

ಹೋಟೆಲಿನಲ್ಲಿ ನೋಡಿದರೆ ಹಣ ಸಂದಾಯವಾಗಿದ್ದು ಅಂಗಡಿಯ ಹೆಸರಿಗಲ್ಲ, ಯಾರೋ ವ್ಯಕ್ತಿಯ ಹೆಸರಿಗೆ. ಫಾಪಿಯಾವ್, ಅಂದರೆ ತೆರಿಗೆ ಬಿಲ್ಲು, ಕೊಟ್ಟಿರಲಿಲ್ಲ. ಕೇಳುವ ಬುದ್ಧಿ ನನಗೂ ಆಗ ಇರಲಿಲ್ಲ. ದಾಲಿಯನ್‌ನ ಸಹೋದ್ಯೋಗಿಯೊಬ್ಬರು ಮರುದಿನ ನನ್ನ ಪರವಾಗಿ ಗ್ರಾಹಕರ ದೂರಿನ ಸಂಖ್ಯೆ 12315ಕ್ಕೆ ಕರೆ ಮಾಡಿದರು. ಬೆಲೆ ಚೀಟಿಯ ಫೋಟೋ ಇದೆಯೇ ಎಂದು ಅಲ್ಲಿನವರು ಕೇಳಿದರು. ನನ್ನ ಪತ್ನಿ ಗೊಂಬೆಗಳ ಫೋಟೋ ತೆಗೆದಿದ್ದಳು, ಅದರ ಮೂಲೆಯಲ್ಲಿ ಆ ಚೀಟಿಯೂ ಬಿದ್ದಿತ್ತು. ಬಹಳ ಆಸೆಯಿಂದ ಕಳಿಸಿದೆವು. ಹಿಗ್ಗಿಸಿ ನೋಡಿದರೆ ಗ್ರಾಂ ಎಂಬ ಅಕ್ಷರ ಓದಲು ಬರುತ್ತಿತ್ತು, ಅದೇ ನಮಗೆ ಮುಳುವಾಯಿತು. “ಅವರ ಫೋಟೋದಲ್ಲಿಯೇ ಇದೆ, ನಾವು ಏನು ಮುಚ್ಚಿಟ್ಟಿದ್ದೇವೆ?” ಎಂದು ಅಂಗಡಿಯವರು ಉತ್ತರಿಸಿದರಂತೆ. ವಾರದ ಮೇಲೆ 1,000 ಯುವಾನ್ ಹಿಂದಿರುಗಿಸಿ, ಇನ್ನು ತಕರಾರಿಲ್ಲ ಎಂದು ಬರೆಸಿಕೊಂಡರು. ಸಹೋದ್ಯೋಗಿಯ ಪ್ರಕಾರ ಅಷ್ಟು ಬಂದದ್ದೇ ಹೆಚ್ಚು.

ಹೋಗುವವರು ನನ್ನಿಂದ ಇಷ್ಟನ್ನು ಕೇಳಿಸಿಕೊಳ್ಳಿ. ಬೇರು, ಅಣಬೆ, ಒಣಹಣ್ಣು, ಚಾಕೊಲೇಟು ಏನೇ ಇರಲಿ, ತಕ್ಕಡಿಗೆ ಹಾಕುವ ಮೊದಲೇ ನಿಮಗೆ ಬೇಕಾದಷ್ಟಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿಸಿ ನೋಡಿ. ತಲೆಯಾಡಿಸುವುದನ್ನು ಉತ್ತರವೆಂದು ಒಪ್ಪಬೇಡಿ. ನಿಮ್ಮ ಕಣ್ಣೆದುರಿನ ವಸ್ತುವನ್ನು ಹಣ ಕೊಡುವವರೆಗೆ ಯಾರೂ ಕತ್ತರಿಸಲು, ಪುಡಿ ಮಾಡಲು ಬಿಡಬೇಡಿ. ಪರದೆಯ ಹಿಂದೆ ಒಯ್ದರೆ ಅಲ್ಲಿಯೇ ಎದ್ದು ಹೊರಡಿ. ಮನೆಯ ಕಷ್ಟ, ಅಮ್ಮನ ಕಾಯಿಲೆ ಅವರ ಮುಂದೆ ಹೇಳಲೇಬೇಡಿ.

ಪೊಟ್ಟಣಗಳು ಇನ್ನೂ ದಾಲಿಯನ್‌ನ ಮನೆಯಲ್ಲಿಯೇ ಇವೆ. ಅಮ್ಮ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಊರಿನ ಡಾಕ್ಟರು ಈ ವಿಷಯ ಕೇಳಿ, ಏನೆಂದು ಗೊತ್ತಿಲ್ಲದ ಪುಡಿಯನ್ನು ಕೊಡಲೇಕೂಡದು ಎಂದಿದ್ದಾರೆ. ಎಷ್ಟು ಕೊಟ್ಟೆ ಎಂದು ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ.